ಮುನಿಯಲ್ಲಮ್ಮನ ಪಾಲಿನ ಎರಡು ಮರಿ

ರಾಯಲ್ಪಾಡಿನ ಕಡೆ ಕುರಿಯನ್ನು ಪಾಲಿಗೆ ಬಿಡುವುದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಕೋದಂಡರಾಮಪ್ಪ ಎಂಥ ಮನುಷ್ಯ ಎಂಬುದು ತಿಳಿಯುವುದಿಲ್ಲ.

ಕುರಿ ಒಬ್ಬರದು, ಮೇಯಿಸುವ ಕಾಲು ಇನ್ನೊಬ್ಬರದು. ದುಡ್ಡು ಕೊಟ್ಟು ಕೊಂಡವನು ತನ್ನ ಕುರಿಯನ್ನು ಮೇಯಿಸುವವರ ದೊಡ್ಡಿಗೆ ಬಿಡುತ್ತಾನೆ. ತಾಯಿ ಎಂದೆಂದಿಗೂ ಕೊಂಡವನದೇ. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಮೇಯಿಸಿದವರಿಗೆ. ಕಾಗದವಿಲ್ಲ, ಸಹಿಯಿಲ್ಲ. ಒಂದು ಮಾತು ಮಾತ್ರ ಗಟ್ಟಿ: ಗಬ್ಬದ ಕುರಿಯನ್ನು ದೊಡ್ಡಿಯಿಂದ ಬಿಡಿಸಿಕೊಂಡು ಹೋಗಬಾರದು. ಅದು ಮರಿ ಹಾಕಬೇಕು, ಮರಿ ಹುಲ್ಲಿಗೆ ಬಾಯಿ ಹಾಕಬೇಕು, ಏನಿದ್ದರೂ ಆಮೇಲೆ. ಹೊಟ್ಟೆಯೊಳಗಿರುವುದರಲ್ಲಿ ಇಬ್ಬರ ಪಾಲೂ ಇದೆಯಲ್ಲ, ಅದಕ್ಕೆ.

ಇದರ ಮೇಲೆ ಜಗಳ ಬಂದರೆ ಸುತ್ತ ಹತ್ತು ಹಳ್ಳಿಯವರು ಕರೆಯುತ್ತಿದ್ದದ್ದು ಕೋದಂಡರಾಮಪ್ಪನನ್ನು. ಆಳು ಕುಳ್ಳ, ಮಾತು ಕಡಿಮೆ, ಎಡ ಮೊಣಕಾಲು ಸವೆದು ಕುಂಟು. ಬಂದವನು ಮೊದಲು ಮನುಷ್ಯರ ಮಾತು ಕೇಳುತ್ತಿರಲಿಲ್ಲ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ, ಹೊಟ್ಟೆ ಒತ್ತಿ, ಕಿವಿ ಹಿಡಿದು ನೋಡಿ, ಆಮೇಲೆ ಬೀಡಿ ಹಚ್ಚಿ "ಈಗ ಹೇಳ್ರಪ್ಪ ನಿಮ್ ಸುಳ್ಳು" ಅನ್ನುತ್ತಿದ್ದ. ಒಂದು ಸಲ ಮರಿ ಏಳಿದ್ದವು. ಮೂರು ಮೂರು ಹಂಚಿಯಾಯಿತು, ಏಳನೆಯದಕ್ಕೆ ಅಣ್ಣತಮ್ಮಂದಿರು ಕೊಡಲಿ ತೆಗೆದರು. ಕೋದಂಡರಾಮಪ್ಪ ಆ ಮರಿಯನ್ನು ಎತ್ತಿ ನನ್ನ ಟೆಂಪೋದಲ್ಲಿ ಹಾಕಿ, "ಇದು ಭೀಮರಾಜನ ಬಾಡಿಗೆ" ಅಂದ. ನಾನು ಬೇಡವೆಂದೆ. "ತಕ್ಕೊಳ್ಲಾ, ಇಲ್ಲಾಂದ್ರೆ ಎರಡು ಹೆಣ ಹೊರ್ಬೇಕಾಯ್ತದೆ" ಅಂದ. ಹಾಗೆ ತೀರಿಸಿಬಿಡುತ್ತಿದ್ದ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತೆರಡು ವರ್ಷ ಅವನ ಕುರಿಗಳನ್ನು ಶ್ರೀನಿವಾಸಪುರದ ಸಂತೆಗೆ ಹೊತ್ತಿದ್ದೇನೆ. ಬರೆದು ರೂಢಿ ಇಲ್ಲ. ಆದರೆ ಅವನ ತಿಥಿಯ ಊಟಕ್ಕೆ ಬಂದವರು "ಮೊಬೈಲಲ್ಲಿ ದುಡ್ಡು ಕಳ್ಕೊಂಡ ಮುದುಕ" ಎಂದು ನಗುತ್ತಿದ್ದರು. ಆ ನಗುವಿಗೆ ಕಪಾಳಕ್ಕೆ ಬಿಡುವ ಬದಲು ಇದನ್ನು ಬರೆಯುತ್ತಿದ್ದೇನೆ.

ಅವನ ಕುರಿಗಳನ್ನು ಹನ್ನೊಂದು ವರ್ಷ ಮೇಯಿಸಿದವಳು ಮುನಿಯಲ್ಲಮ್ಮ. ಗಂಡ ಸತ್ತವಳು. ಚಂದನ ಎಂಬ ಒಬ್ಬಳೇ ಮಗಳು. ಕುರಿ ವಿಷಯದಲ್ಲಿ ಅವಳ ಕಣ್ಣು ಕೋದಂಡರಾಮಪ್ಪನಿಗಿಂತ ಚುರುಕು ಎಂದು ಅವನೇ ಒಪ್ಪುತ್ತಿದ್ದ. ಅವಳ ಪಾಲಿಗೆ ಬಂದ ಮರಿಗಳೆಲ್ಲ ಮಗಳ ಓದು, ಮಗಳ ಮದುವೆ, ಸೂರಿನ ಶೀಟು ಎಂದು ಹೋಗಿಬಿಟ್ಟವು. ಮಗಳ ಮದುವೆ ಮುಗಿದ ವರ್ಷ ಅವಳು ಹೇಳಿದಳು:

"ಅಣ್ಣ, ಇನ್ನು ಮೇಲೆ ಬರೋ ಮರಿ ಮಾರಲ್ಲ. ಎರಡು ಹೆಣ್ಮರಿ ಬಂದ್ರೆ ಸಾಕು. ನಂದೂ ಅಂತ ಒಂದು ಮಂದೆ ಮಾಡ್ತೀನಿ."

"ಮಾಡವ್ವ. ನಿನ್ ಮಂದೆನ ನನ್ ಪಾಲಿಗೆ ಬಿಡು, ನಾನು ಮೇಯಿಸ್ತೀನಿ" ಎಂದು ಅವನು ನಕ್ಕ.

"ಆ ಕಾಲಲ್ಲಾ? ನನ್ ಕುರಿ ನಿನ್ನ ಮೇಯಿಸ್ಬೇಕಾಯ್ತದೆ ಅಷ್ಟೆ."

ಆಗ ದೊಡ್ಡಿಯಲ್ಲಿ ಒಂಬತ್ತು ಕುರಿ ಇದ್ದವು, ನಾಲ್ಕು ಗಬ್ಬವಾಗಿದ್ದವು. ಲೆಕ್ಕದಂತೆ ಎರಡು ಮರಿ ಅವಳದು.

ಅದೇ ವರ್ಷ ಕೊರೊನಾ ಬಂತು. ಲಾಕ್‌ಡೌನ್ ಸಡಿಲವಾಗುವ ಹೊತ್ತಿಗೆ ಮೇಯಿಸುವ ಗುಡ್ಡವನ್ನು ಹೊರಗಿನವರು ಯಾರೋ ಕೊಂಡು ಮಾವಿನ ಸಸಿ ನೆಟ್ಟು ಸುತ್ತ ತಂತಿ ಹಾಕಿದ್ದರು. ಕುರಿಗಳು ಕೆರೆ ಅಂಚಿನಲ್ಲಿ ಒಣ ಕಡ್ಡಿ ಜಗಿಯುತ್ತಿದ್ದವು. ಕೋದಂಡರಾಮಪ್ಪನ ಹೆಂಡತಿ ಭಾರತಮ್ಮನಿಗೆ ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಆ ಸಮಯಕ್ಕೆ ಆಂಧ್ರದ ಕಡೆಯಿಂದ ಒಬ್ಬ ವ್ಯಾಪಾರಿ ಬಂದ. ಒಳ್ಳೆಯ ರೇಟು ಹೇಳಿದ, ಆದರೆ ಒಂಬತ್ತೂ ಕೊಟ್ಟರೆ ಮಾತ್ರ.

ಅವತ್ತು ಲಾರಿಗೆ ಕುರಿ ಹತ್ತಿಸಿದ್ದು ನಾನು. ಮುನಿಯಲ್ಲಮ್ಮ ತಡೆಯಲಿಲ್ಲ. ಗಬ್ಬದ ನಾಲ್ಕರ ಹೊಟ್ಟೆಯ ಮೇಲೂ ಒಂದೊಂದು ಸಲ ಕೈಯಾಡಿಸಿ ದೊಡ್ಡಿಯ ಬಾಗಿಲಲ್ಲಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು. ಕೋದಂಡರಾಮಪ್ಪ ದುಡ್ಡಿನಿಂದ ಹನ್ನೆರಡು ಸಾವಿರ ಎಣಿಸಿ ಅವಳ ಮುಂದೆ ಹಿಡಿದ.

"ಇದ್ಯಾತಕ್ಕೆ?"

"ನಿನ್ ಮರಿದು."

"ಮರಿ ಹುಟ್ಟಿಲ್ವಲ್ಲಣ್ಣ. ಹುಟ್ಟದೆ ಇರೋದಕ್ಕೆ ಹೆಂಗೆ ರೇಟು ಕಟ್ಟಿದೆ? ಕೊಡಂಗಿದ್ರೆ ನನ್ ಪಾಲು ಮರಿ ಕೊಡು. ದುಡ್ಡು ನಿನ್ ಹತ್ರಾನೇ ಇರ್ಲಿ."

ಹತ್ತು ಹಳ್ಳಿಗೆ ನ್ಯಾಯ ಹೇಳಿದವನು ತನ್ನ ನ್ಯಾಯವನ್ನು ತಾನೇ ಮುರಿದಿದ್ದ. ಅದನ್ನು ಯಾರೂ ಅವನ ಮುಂದೆ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಮೊಬೈಲಿನ ಕಾಯಿನ್ನಿನ ವಿಷಯ ಬಂದದ್ದು ಆಮೇಲೆ. ಅವನ ತಂಗಿಯ ಮಗ ಉಮಾಶಂಕರ್ ಲಕ್ಕೂರಿನಲ್ಲಿ ರೂಮು ಮಾಡಿಕೊಂಡು ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಭಾನುವಾರ ಬಂದವನು ಜಗಲಿಯ ಮೇಲೆ ಕುಳಿತು ಮೊಬೈಲ್ ತೋರಿಸಿದ.

"ಮಾಮ, ಬ್ಯಾಂಕಲ್ಲಿ ಇಟ್ರೆ ದುಡ್ಡು ಮಲಗಿರುತ್ತೆ. ಇದರಲ್ಲಿ ಬೆಳೆಯುತ್ತೆ."

"ಎಲ್ಲಿ ಕಟ್ಟಾಕ್ತಾರೋ ಇದನ್ನ?"

"ಎಕ್ಸ್‌ಚೇಂಜ್ ಅಂತ ಕಂಪನಿ ಇರುತ್ತೆ. ನಾವು ದುಡ್ಡು ಹಾಕಿದ್ರೆ ಕಾಯಿನ್ ಬರುತ್ತೆ. ಅದನ್ನ ನಮ್ಮ ಹೆಸರಲ್ಲಿ ಅವರೇ ಇಟ್ಕೊಂಡಿರ್ತಾರೆ."

"ಅಂದ್ರೆ ಪಾಲಿಗೆ ಬಿಟ್ಟಂಗೆ."

"ಹೂಂ ಅನ್ನು, ಹೆಚ್ಚುಕಡಿಮೆ ಹಂಗೇ."

ಈ ಹೂಂ ಅಂದದ್ದಕ್ಕೆ ಮುಂದೆ ಒಂದು ದಿನ ನಾನು ಉಮಾಶಂಕರನ ಕಾಲರ್ ಹಿಡಿದಿದ್ದೇನೆ. ಹುಡುಗ ಕೆಟ್ಟವನಲ್ಲ. ಮಾಮನಿಗೆ ಸುಲಭವಾಗಲಿ ಎಂದು ಹೂಂ ಅಂದ. ಆ ಹೂಂನಿಂದ ಕೋದಂಡರಾಮಪ್ಪನ ತಲೆಯಲ್ಲಿ ಕಂಪನಿ ಎಂದರೆ ಒಂದು ದೊಡ್ಡಿ ಎಂದು ಕೂತುಬಿಟ್ಟಿತು.

ಭಾರತಮ್ಮನ ಔಷಧಿಗೆ ತೆಗೆದಿಟ್ಟು ಉಳಿದದ್ದನ್ನು ಹಾಕಿದರು. ಐದು ಕಾಯಿನ್ನು ಬಂತು. ಬಿಟ್‌ಕಾಯಿನ್ ಅಲ್ಲ, ಆ ಜಾತಿಯದೇ ಇನ್ನೊಂದು. ಹೆಸರು ನನ್ನ ನಾಲಿಗೆಗೆ ತಿರುಗುವುದಿಲ್ಲ. ಮುನಿಯಲ್ಲಮ್ಮ ಬೇಡವೆಂದ ಹನ್ನೆರಡು ಸಾವಿರವೂ ಅದರಲ್ಲೇ ಹೋಯಿತು. ಮರುದಿನ ಅವಳ ಮನೆಗೆ ಹೋಗಿ ಅವನು ಹೇಳಿದ:

"ನಿನ್ ಪಾಲು ಅದರೊಳಗೈತೆ. ಅದು ಏನು ಹಾಕಿದ್ರೂ ಮೊದಲನೇದು ನಿಂಗೆ."

"ಮೊಬೈಲು ಮರಿ ಹಾಕ್ತದಾ?" ಎಂದು ಅವಳು ನಕ್ಕಳಂತೆ. ಕುರಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ಅವನು ನನಗೆ ಬಂದು ಹೇಳಿದ.

ಎರಡು ವರ್ಷ ಆಯಿತು. ರೇಟು ಏರಿತು, ಇಳಿಯಿತು. ಅವನು ಅದನ್ನು ಕೇಳುತ್ತಲೂ ಇರಲಿಲ್ಲ. ಒಂದು ಭಾನುವಾರ ಉಮಾಶಂಕರ್ ಬಂದು ಕಾಯಿನ್ನು ಒಡೆಯುತ್ತದೆ ಎಂದ.

"ಒಡೆಯೋದಂದ್ರೆ?"

"ಯಾರದು ಎಷ್ಟಿದೆ ಅಂತ ಬರೆಯೋ ಒಂದು ಪುಸ್ತಕ ಇರುತ್ತೆ ಮಾಮ. ಬರೆಯೋರಲ್ಲಿ ಜಗಳ ಆಗಿದೆ. ಬರೋ ತಿಂಗಳು ಹದಿನೈದಕ್ಕೆ ಎರಡು ಪುಸ್ತಕ ಆಗುತ್ತೆ. ಅವತ್ತಿನ ತನಕ ಬರೆದಿದ್ದು ಎರಡರಲ್ಲೂ ಒಂದೇ. ಹಳೇದರಲ್ಲಿ ನಿಂದು ಐದಿದ್ರೆ ಹೊಸದರಲ್ಲೂ ಐದು. ಹೊಸದಕ್ಕೆ ಬೇರೆ ಹೆಸರು, ಬೇರೆ ರೇಟು."

ಕೋದಂಡರಾಮಪ್ಪ ಎದ್ದು ನಿಂತ. "ಅಂದ್ರೆ ಮರಿ ಹಾಕ್ತೈತೆ ಅನ್ನು!"

ನಾನು ಅಲ್ಲೇ ಇದ್ದೆ. ಆ ಮುಖವನ್ನು ಅವತ್ತು ನೋಡಬೇಕಿತ್ತು. ಕುಂಟುತ್ತಲೇ ಬೀದಿಗೆ ಇಳಿದು ಮುನಿಯಲ್ಲಮ್ಮನ ಮನೆಗೆ ಹೊರಟವನನ್ನು ಉಮಾಶಂಕರ್ ಕೈ ಹಿಡಿದು ನಿಲ್ಲಿಸಿದ.

"ತಡಿ ಮಾಮ, ಪೂರ್ತಿ ಕೇಳು. ಕಂಪನಿಯೋರು ಮೇಲ್ ಕಳ್ಸಿದಾರೆ. ಹೊಸ ಕಾಯಿನ್ ಬೇಕಾದೋರು ಹದಿನೈದರೊಳಗೆ ತಮ್ಮ ಕಾಯಿನ್ ಬಿಡಿಸ್ಕೊಂಡು ಸ್ವಂತ ವ್ಯಾಲೆಟ್‌ಗೆ ಹಾಕ್ಕೋಬೇಕಂತೆ. ಅವರ ಹತ್ರ ಬಿಟ್ರೆ ಹೊಸದು ಕೊಡ್ತೀವಿ ಅಂತ ಮಾತು ಕೊಡಕ್ಕಾಗಲ್ಲ ಅಂತಾರೆ. ಕಾಯಿನ್ ಇರೋ ವ್ಯಾಲೆಟ್‌ನ ಬೀಗದ ಕೈ ಯಾರ ಹತ್ರ ಇರುತ್ತೋ ಹೊಸದು ಅವರ ಕೈಗೇ ಬರೋದು. ಇವತ್ತೇ ಬಿಡಿಸ್ತೀನಿ, ಹತ್ತು ನಿಮಿಷದ ಕೆಲಸ."

ಕೋದಂಡರಾಮಪ್ಪ ವಾಪಸು ಬಂದು ಜಗಲಿಯ ಮೇಲೆ ಕುಳಿತ.

"ಮರಿ ಹಾಕೋಕೆ ಇನ್ನೆಷ್ಟು ದಿನ ಅಂದೆ?"

"ಇಪ್ಪತ್ತು ದಿನ."

"ಇಪ್ಪತ್ತು ದಿನಕ್ಕೆ ಈಯೋ ಮಾಲನ್ನ, ಎರಡು ವರ್ಷ ಕಾಯ್ದೋರ ದೊಡ್ಡಿಯಿಂದ ಬಿಡಿಸ್ಕೊಂಡು ಬಾ ಅಂತೀಯ."

"ಮಾಮ, ಇದು ಕುರಿ ಅಲ್ಲ."

"ಮರಿ ಹಾಕಲ್ವಾ ಹಂಗಾದ್ರೆ?"

"ಹಾಕುತ್ತೆ. ಆದ್ರೆ…"

"ಹಾಕೋದಾದ್ರೆ ಅವರಿಗೂ ಪಾಲೈತೆ. ಅರ್ಧ ಅವರು ಇಟ್ಕೊಳ್ಳಲಿ. ನನ್ನ ಅರ್ಧ ಮುನಿಯಲ್ಲಮ್ಮಂದು. ಒಂದ್ಸಲ ನನ್ ಕೈಯಾರೆ ಗಬ್ಬದ ಮಾಲು ಬಿಡಿಸಿದೀನಿ ಕಣೋ. ಆ ಪಾಪನೇ ತೀರಿಲ್ಲ. ಅದನ್ನ ತೀರ್ಸಕ್ಕೆ ಇನ್ನೊಂದು ಸಲ ಅದನ್ನೇ ಮಾಡ್ಲಾ?"

ಉಮಾಶಂಕರ್ ಮೂರು ಭಾನುವಾರ ಬಂದು ಬೇಡಿಕೊಂಡ. ಎರಡನೆಯ ಸಲ ಅಳುವ ಹಾಗಾಗಿದ್ದ. ಖಾತೆ ಮಾಮನ ಹೆಸರಿನಲ್ಲಿತ್ತು, ಬಿಡಿಸಬೇಕಾದರೆ ಮಾಮನ ಫೋನಿಗೆ ಬರುವ ಓಟಿಪಿ ಬೇಕಿತ್ತು. ಮಾಮ ಫೋನನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋಗಿಬಿಡುತ್ತಿದ್ದ. "ನೀನಾದ್ರೂ ಹೇಳಣ್ಣ" ಎಂದು ಹುಡುಗ ನನ್ನ ಹತ್ತಿರ ಬಂದ. ನಾನು ಏನು ಹೇಳಿದೆ? "ಆಯಣ್ಣ ಹೇಳೋದು ನ್ಯಾಯವಾಗೇ ಐತಲ್ಲೋ" ಅಂದೆ. ಆಗ ನನಗೂ ಹಾಗೇ ಕಂಡಿತ್ತು. ಈಗಲೂ ನ್ಯಾಯ ಅವನದೇ ಎನ್ನುತ್ತೇನೆ. ಆದರೆ ನ್ಯಾಯ ಒಂದು ಕಡೆ ಇತ್ತು, ಬೀಗದ ಕೈ ಇನ್ನೊಂದು ಕಡೆ.

ಹದಿನೈದು ಬಂತು, ಹೋಯಿತು. ಕಾಯಿನ್ನು ಒಡೆಯಿತು. ಉಮಾಶಂಕರನ ಜೊತೆ ಕೆಲಸ ಮಾಡುವವನೊಬ್ಬ ಬೇರೆ ಎಕ್ಸ್‌ಚೇಂಜಿನಲ್ಲಿ ಅದೇ ಕಾಯಿನ್ನು ಇಟ್ಟಿದ್ದ. ಅವನೇನೂ ಬಿಡಿಸಿಕೊಂಡಿರಲಿಲ್ಲ, ಆದರೂ ಅವನ ಖಾತೆಗೆ ಹೊಸದು ತಾನಾಗಿಯೇ ಬಂದು ಬಿದ್ದಿತು. ಒಂದಕ್ಕೆ ನಾಲ್ಕೂಮುಕ್ಕಾಲು ಸಾವಿರದಂತೆ ಮಾರಿದ. ನಮ್ಮವರ ಖಾತೆಯಲ್ಲಿ ಹಳೆಯ ಐದು ಮಾತ್ರ ಇದ್ದವು. ಒಂದು ವಾರ ಕಾದರು, ಒಂದು ತಿಂಗಳು ಕಾದರು. ಉಮಾಶಂಕರ್ ಬರೆದದ್ದಕ್ಕೆಲ್ಲ ಒಂದೇ ಉತ್ತರ ಬರುತ್ತಿತ್ತು. ನಿಮ್ಮ ತಾಳ್ಮೆಗೆ ಧನ್ಯವಾದ ಎಂದು.

"ಎಲ್ಲೈತೆ ಅವರ ದೊಡ್ಡಿ? ನಡಿ ಭೀಮ, ಹೋಗಿ ಕೇಳಾನ" ಎಂದ ಕೋದಂಡರಾಮಪ್ಪ.

ಬೆಂಗಳೂರಿಗೆ ನನ್ನ ಟೆಂಪೋದಲ್ಲೇ ಹೋದೆವು. ಗಾಜಿನ ಕಟ್ಟಡ, ಮೂರನೆಯ ಮಹಡಿ. ಟೊಮೆಟೊ ಬಾಕ್ಸಿನ ವಾಸನೆ ಬರುವ ಅಂಗಿಯಲ್ಲಿ ನಾನು, ಒಗೆದು ಮಡಿಸಿದ ಪಂಚೆಯಲ್ಲಿ ಅವನು. ಒಂದೂವರೆ ಗಂಟೆ ಕೂರಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಕೊರಳಿನ ಕಾರ್ಡಿನಲ್ಲಿ ಆಶಾರಾಣಿ ಎಂದಿತ್ತು. ಮಾತು ಕೇಳಿಯೇ "ನೀವು ಕೋಲಾರದ ಕಡೆಯೋರಾ? ನಮ್ಮಮ್ಮನ ಊರು ಮುಳಬಾಗಿಲು" ಎಂದು ನೀರು ತರಿಸಿದಳು.

ಕೋದಂಡರಾಮಪ್ಪ ನಿಧಾನವಾಗಿ ಎಲ್ಲವನ್ನೂ ಹೇಳಿದ. ಕೊನೆಗೆ, "ಪೂರ್ತಿ ಕೇಳಕ್ಕೆ ಬಂದಿಲ್ಲಮ್ಮ. ನೀವು ಕಾಯ್ದಿದ್ದೀರ. ಎರಡೂವರೆ ನೀವಿಟ್ಕೊಳ್ಳಿ. ಎರಡೂವರೆ ಕೊಡಿ" ಎಂದ.

ಆ ಹುಡುಗಿ ಅವನ ಮುಖ ನೋಡಿದಳು. ಜಗಳಕ್ಕೆ ಬರುವವರನ್ನು ನೋಡಿದ್ದಳೇನೋ, ಅರ್ಧ ನೀವೇ ಇಟ್ಟುಕೊಳ್ಳಿ ಎನ್ನುವವನನ್ನು ನೋಡಿರಲಿಲ್ಲ.

"ಅಂಕಲ್, ಆ ಹೊಸ ಕಾಯಿನ್‌ನ ನಮ್ಮ ಕಂಪನಿ ಸಪೋರ್ಟ್ ಮಾಡ್ತಿಲ್ಲ."

"ಅದು ನಿಮ್ಮ ಹತ್ರ ಹುಟ್ಟೈತೋ ಇಲ್ವೋ, ಅಷ್ಟು ಹೇಳಮ್ಮ."

"ನನಗೆ ಗೊತ್ತಿಲ್ಲ ಅಂಕಲ್. ನಿಜವಾಗ್ಲೂ. ನಮಗೂ ಹೇಳಲ್ಲ."

"ಹುಟ್ಟಿಲ್ಲ ಅಂದ್ರೆ ಸರಿ, ಕೈ ಮುಗಿದು ಹೋಗ್ತೀನಿ. ಸತ್ತು ಹುಟ್ಟಿತು ಅನ್ನು, ಅದೂ ಸರಿ, ಆಗ್ತದೆ. ಹುಟ್ಟಿ, ಬದುಕಿ, ನಿಮ್ಮ ದೊಡ್ಡಿಲೇ ಓಡಾಡ್ತಾ ಇದ್ರೆ, ಅದು ಯಾರ್ದು?"

"ನೀವು ಅಕೌಂಟ್ ತೆರೆಯೋವಾಗ ಒಪ್ಪಿಗೆ ಕೊಟ್ಟಿದ್ದೀರ ಅಂಕಲ್. ಅದರಲ್ಲಿದೆ. ಅಲ್ಲದೆ ಮುಂಚೇನೇ ತಿಳಿಸಿದ್ವಿ, ಬಿಡಿಸ್ಕೊಳ್ಳಿ ಅಂತ."

ನನಗೆ ತಡೆಯಲಾಗಲಿಲ್ಲ. ಮೇಜಿಗೆ ಗುದ್ದಿದೆ. ನೀರಿನ ಲೋಟ ಉರುಳಿತು. ಏನೇನು ಅಂದೆನೋ ಬರೆಯುವಂಥದ್ದಲ್ಲ. ಸೆಕ್ಯೂರಿಟಿಯವರು ಇಬ್ಬರು ಬಂದು ನನ್ನ ರಟ್ಟೆ ಹಿಡಿದರು.

"ಬಿಡ್ಲಾ ಭೀಮ. ಆ ಮಗಿನ ಮೇಲೆ ಯಾಕೆ ಹಾರಾಡ್ತೀಯ, ಅವಳೂ ಸಂಬಳಕ್ಕೆ ಮೇಯಿಸೋಳೇ" ಎಂದು ಕೋದಂಡರಾಮಪ್ಪ ತನ್ನ ಟವೆಲಿನಿಂದ ಮೇಜಿನ ಮೇಲಿನ ನೀರು ಒರೆಸಿದ.

ವಾಪಸು ಬರುತ್ತಾ ಕೋಲಾರದಲ್ಲಿ ಇಳಿದು ಕದಿರೇಶ ಎಂಬ ವಕೀಲರನ್ನು ಕಂಡೆವು. ಅವರು ಕಂಪನಿಯ ಒಪ್ಪಿಗೆ ಪತ್ರವನ್ನು ಪ್ರಿಂಟ್ ತೆಗೆಸಿದರು. ಮೂವತ್ತೊಂದು ಪುಟ. ಹತ್ತೊಂಬತ್ತನೆಯ ಪುಟದಲ್ಲಿ ಬೆರಳಿಟ್ಟು ಓದಿದರು: ಕಾಯಿನ್ನು ಒಡೆದರೆ ಹೊಸದನ್ನು ಕೊಡುವುದೋ ಬಿಡುವುದೋ ಕಂಪನಿಯ ಇಷ್ಟ.

"ಕಾನೂನು ಏನನ್ನುತ್ತೆ ಸ್ವಾಮಿ?" ಎಂದು ಕೋದಂಡರಾಮಪ್ಪ ಕೇಳಿದ.

"ಲಾಭ ಬಂದ್ರೆ ತೆರಿಗೆ ಕಟ್ಟು ಅನ್ನುತ್ತೆ. ಮರಿ ಯಾರದು ಅಂತ ಬಾಯಿ ಬಿಟ್ಟು ಎಲ್ಲೂ ಹೇಳಿಲ್ಲ."

"ನಿಮಗೇನನ್ನಿಸುತ್ತೆ?"

ಕದಿರೇಶರು ಕನ್ನಡಕ ತೆಗೆದರು. "ನಂಗನ್ನಿಸೋದು ಬೇರೆ. ಇನ್ನೊಬ್ಬರ ವಸ್ತು ಇಟ್ಕೊಂಡೋನು ಅದರಲ್ಲಿ ಹುಟ್ಟಿದ್ದನ್ನೂ ಸೇರಿಸಿ ಕೊಡ್ಬೇಕು ಅಂತ ಹಳೇ ಕಾನೂನಲ್ಲೇ ಇದೆ. ಹಸು ಕರು ಉದಾಹರಣೇನೇ ಕೊಟ್ಟಿದಾರೆ. ಆದರೆ ಬೇರೆ ಮಾತು ಆಗಿಲ್ಲದಿದ್ರೆ ಅಂತ ಒಂದು ಕೊಕ್ಕೆ ಇದೆ. ಇವರು ಬೇರೆ ಮಾತು ಬರೆಸ್ಕೊಂಡಿದಾರೆ. ಗ್ರಾಹಕರ ಕೋರ್ಟಿಗೆ ಹಾಕಬಹುದು. ಎರಡು ವರ್ಷ, ಮೂರು ವರ್ಷ. ಹನ್ನೆರಡು ಸಾವಿರಕ್ಕೆ."

"ಹನ್ನೆರಡು ಸಾವಿರ ಅಲ್ಲ ಸ್ವಾಮಿ. ಎರಡು ಮರಿ."

ಕೇಸು ಹಾಕಿದರು. ನೋಟಿಸು ಹೋಯಿತು, ಕಂಪನಿಯ ವಕೀಲರು ಬಂದರು, ಈ ತಕರಾರು ಇಲ್ಲಿ ನಡೆಯುವುದೇ ಇಲ್ಲ, ಒಪ್ಪಂದದಂತೆ ಬೇರೆ ಕಡೆ ನಡೆಯಬೇಕು ಎಂದರು. ಮುಂದಕ್ಕೆ, ಮುಂದಕ್ಕೆ. ಕೋಲಾರಕ್ಕೆ ಹೋಗಿ ಬರುವುದಕ್ಕೇ ಒಂದು ಮರಿಯ ದುಡ್ಡು ಸವೆಯಿತು.

ಇದೆಲ್ಲ ಊರಿನ ಬಾಯಿಗೆ ಬಿದ್ದಿತ್ತು. ಆ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯ ದೊಡ್ಡವೆಂಕಟಪ್ಪ ಕೋದಂಡರಾಮಪ್ಪನನ್ನು ನ್ಯಾಯಕ್ಕೆ ಕರೆದ. ಅವನ ಕುರಿಗಳನ್ನು ಪಾಲಿಗೆ ಮೇಯಿಸುತ್ತಿದ್ದ ಆಂಜಿ ಮೂರು ಮರಿಗಳನ್ನೂ ತಾನೇ ಮಾರಿಕೊಂಡಿದ್ದ.

"ಅರ್ಧ ಕೊಡೋ ಅಂದ್ರೆ ಕೊಡಲ್ಲ ಅಂತಾನೆ ಕಣಣ್ಣ."

ಆಂಜಿ ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತಾ ಕುಳಿತಿದ್ದ. "ನಾನು ಮುಂಚೇನೇ ಹೇಳಿದ್ದೆ, ಮರಿ ಬೇಕಂದ್ರೆ ಬಂದು ಬಿಡಿಸ್ಕೊಂಡು ಹೋಗು ಅಂತ. ಬಿಡಿಸ್ಕೊಂಡಿಲ್ಲ. ಹಂಗಾದ್ಮೇಲೆ ಮರಿ ನಂದೇ. ಬೆಂಗಳೂರಿನ ದೊಡ್ಡ ಕಂಪನಿಯೋರೇ ಹಂಗೆ ಮಾಡ್ತಾರಂತೆ. ಬೇಕಾದ್ರೆ ಈಯಣ್ಣನ್ನೇ ಕೇಳು."

ನಾಲ್ಕು ಜನ ನಕ್ಕರು. ನಾನು ಆಂಜಿಯ ಕಡೆ ನುಗ್ಗಿದೆ, ಹಿಡಿದುಕೊಂಡರು. ಎಲ್ಲರೂ ಕೋದಂಡರಾಮಪ್ಪನ ಬಾಯಿ ನೋಡುತ್ತಿದ್ದರು. ಅವನು ಬೀಡಿ ತೆಗೆದ, ಹಚ್ಚಲಿಲ್ಲ. ತಾಯಿ ಕುರಿಯ ಕಿವಿ ಹಿಡಿದು ನೋಡಿದ. ಆಮೇಲೆ, "ದೊಡ್ಡವೆಂಕಟಪ್ಪ, ಬೇರೆ ಯಾರನ್ನಾದ್ರೂ ಕೇಳಪ್ಪ. ಇನ್ನು ನನ್ನ ಕರೀಬೇಡಿ" ಎಂದು ಹೊರಟುಬಿಟ್ಟ. ಆ ಜಗಳ ಪೊಲೀಸ್ ಠಾಣೆಗೆ ಹೋಯಿತು. ಕುರಿಮರಿಯ ಜಗಳ ನಮ್ಮ ಕಡೆಯಿಂದ ಠಾಣೆಗೆ ಹೋದದ್ದು ಅದೇ ಮೊದಲು.

ಆ ವಾರವೇ ಅವನು ಹಳೆಯ ಐದೂ ಕಾಯಿನ್ನು ಮಾರಿಸಿದ. ರೇಟು ಬಿದ್ದಿತ್ತು, ಹಾಕಿದ್ದರಲ್ಲಿ ಅರ್ಧ ಬಂತು.

"ತಾಯಿ ಮಾರಿದ ದುಡ್ಡಲ್ಲಿ ಮರಿ ಕೊಂಡ್ರೆ ಅದು ದಾನ ಅಲ್ಲ, ಪಾಲೇ. ಏನಂತೀಯ?" ಎಂದು ನನ್ನನ್ನು ಕೇಳಿದ. ಜೀವನದಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಹತ್ತಿರ ನ್ಯಾಯ ಕೇಳಿದ್ದು. ಪಾಲೇ ಕಣಣ್ಣ ಎಂದೆ.

ಸಂತೆಯಲ್ಲಿ ಎರಡು ಹೆಣ್ಣು ಮರಿ ಆರಿಸಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಆರಿಸಿದ. ಆದರೆ ಆ ಹೊತ್ತಿಗೆ ಮುನಿಯಲ್ಲಮ್ಮ ಊರಿನಲ್ಲಿರಲಿಲ್ಲ. ಕುರಿಯಿಲ್ಲ, ಕೆಲಸವಿಲ್ಲ. ಮಗಳು ಚಂದನ ಗಂಡನ ಜೊತೆ ಲಕ್ಕೂರಿನಲ್ಲಿ ಇದ್ದಳು, ಇಬ್ಬರೂ ಫ್ಯಾಕ್ಟರಿಗೆ ಹೋಗುವವರು, ಮಗುವನ್ನು ನೋಡಿಕೊಳ್ಳಲು ತಾಯಿಯನ್ನು ಕರೆಸಿಕೊಂಡಿದ್ದಳು. ಮರಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಅಲ್ಲಿಗೇ ಹೋದೆವು.

ಸಾಲಾಗಿ ಎಂಟು ಬಾಡಿಗೆ ಮನೆ. ಒಂದೊಂದು ಬಾಗಿಲು, ಒಂದೊಂದು ಕಿಟಕಿ. ಮುನಿಯಲ್ಲಮ್ಮ ಮೊಮ್ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹೊರಗೆ ಬಂದಳು. ಟೆಂಪೋದ ಹಿಂದೆ ಇಣುಕಿದಳು. ಮಗುವನ್ನು ನನ್ನ ಕೈಗೆ ಕೊಟ್ಟು ಹತ್ತಿಯೇಬಿಟ್ಟಳು. ಒಂದೊಂದರ ಹಲ್ಲು ನೋಡಿದಳು, ಗೊರಸು ನೋಡಿದಳು.

"ಚೆನ್ನಾಗವೆ ಅಣ್ಣ" ಎಂದಳು.

"ನಿನ್ನವೇ. ಇಳಿಸ್ಕೋ."

ಅವಳು ಗಲ್ಲಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ನಲ್ಲಿಯ ಹತ್ತಿರ ಬಿಂದಿಗೆಗಳು, ಬೈಕುಗಳು, ಚರಂಡಿ.

"ಎಲ್ಲಿ ಇಳಿಸ್ಕೊಳ್ಳಲಿ? ಬಟ್ಟೆ ಒಣಗಾಕಕ್ಕೇ ಸರದಿ ಇಲ್ಲಿ."

ನನ್ನ ಕೈಯಲ್ಲಿದ್ದ ಮಗು ಅತ್ತಿತು.

"ನೀನೇ ಮೇಯಿಸಣ್ಣ" ಎಂದಳು ಅವಳು. "ಪಾಲಿಗೆ ಬಿಟ್ಟೆ ಅನ್ಕೋ. ತಾಯಿ ನಂದು, ಮರಿಲಿ ಅರ್ಧ ನಿಂದು. ಸರಿಯಾಗಿ ಮೇಯಿಸ್ದೆ ಇದ್ರೆ ಬಂದು ಬಿಡಿಸ್ಕೊಂಡು ಹೋಗ್ತೀನಿ ನೋಡು ಮತ್ತೆ."

ತಮಾಷೆಗೆ ಅಂದಳು. ಕೋದಂಡರಾಮಪ್ಪ ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ಅವನು ಮೇಯಿಸುವವನಾದ. ಅರವತ್ತೆರಡು ವರ್ಷದ ಕುಂಟ, ಬೆಳಗ್ಗೆ ಎಂಟಕ್ಕೆ ಕೋಲು ಹಿಡಿದು ಎರಡು ಮರಿ ಅಟ್ಟಿಕೊಂಡು ಕೆರೆಯ ಕಡೆ ಹೋಗುತ್ತಿದ್ದ. ತಂತಿ ಬೇಲಿಯಾಚೆ ಹುಲ್ಲು ಹಸಿರಾಗಿರುತ್ತಿತ್ತು. ಈಚೆ ನಿಂತು ಕೋಲಿನ ತುದಿಗೆ ಕೊಕ್ಕೆ ಕಟ್ಟಿ ಒಂದೊಂದು ರೆಂಬೆ ಎಳೆದು ಹಾಕುತ್ತಿದ್ದ. "ಯಾರ್ದಣ್ಣ ಮರಿ?" ಎಂದು ದಾರಿಯಲ್ಲಿ ಕೇಳಿದರೆ "ಮುನಿಯಲ್ಲಮ್ಮಂದು" ಎನ್ನುತ್ತಿದ್ದ. ಮರಿಗಳು ಬೆಳೆದು ನಾಲ್ಕು ಮರಿ ಹಾಕಿದವು. ಎರಡು ತನ್ನ ಪಾಲಿಗೆ ತೆಗೆದು ಭಾರತಮ್ಮನ ಕಾಲಿನ ಆಪರೇಶನ್ನಿಗೆ ಮಾರಿದ. ಎರಡು ತಾಯಿ, ಎರಡು ಮರಿ, ಉಳಿದ ಈ ನಾಲ್ಕಕ್ಕೆ ಕೈ ಹಚ್ಚಲಿಲ್ಲ. ಮರಿ ಹುಟ್ಟಿದ ದಿನವೇ ಚಂದನಳಿಗೆ ಫೋನು ಮಾಡಿಸಿ, ಗಂಡೋ ಹೆಣ್ಣೋ, ಬಣ್ಣ ಯಾವುದು, ಹೇಳಿಸುತ್ತಿದ್ದ. ಮೇಯಿಸುವವನು ಹುಟ್ಟಿದ್ದನ್ನು ಹುಟ್ಟಿದ ದಿನವೇ ಹೇಳಬೇಕು, ಅದು ಅವನ ನ್ಯಾಯ. ಆ ಗಾಜಿನ ಕಟ್ಟಡದಲ್ಲಿ ಅವನು ಕೇಳಿದ್ದೂ ಅಷ್ಟೇ.

ಕೇಸು ಇನ್ನೂ ನಡೆಯುತ್ತಲೇ ಇತ್ತು. ಹೋದ ಮಾಘದಲ್ಲಿ ಕೆರೆ ಅಂಚಿನಲ್ಲಿ ಕುಳಿತವನು ಏಳಲಿಲ್ಲ. ಎದೆ ಎಂದರು ಡಾಕ್ಟರು. ಕುರಿಗಳು ತಾವಾಗಿಯೇ ಮನೆಗೆ ಬಂದವು, ಅದನ್ನು ನೋಡಿ ಭಾರತಮ್ಮ ಜನ ಕಳಿಸಿದಳು.

ಹನ್ನೊಂದನೆಯ ದಿನಕ್ಕೆ ಮುನಿಯಲ್ಲಮ್ಮ ಒಂದು ದಿನ ಮುಂಚೆಯೇ ಬಂದಳು. ಭಾರತಮ್ಮನ ಕೈ ಹಿಡಿದು ಕುಳಿತವಳು ಸ್ವಲ್ಪ ಹೊತ್ತಿಗೆ ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ನಾಲ್ಕರ ಬೆನ್ನು ಸವರಿದಳು, ಪಕ್ಕೆಗೆ ಬೆರಳು ಒತ್ತಿದಳು.

"ಸರಿಯಾಗಿ ಮೇಯಿಸಿಲ್ಲ ಭೀಮಣ್ಣ" ಎಂದಳು. "ನೋಡು, ಪಕ್ಕೆ ಎಣಿಸ್ಬೋದು. ದೂರ ಅಟ್ಟಕ್ಕೆ ಆಗಿಲ್ಲ ಆ ಕಾಲಲ್ಲಿ. ಇದ್ದ ಜಾಗದಲ್ಲೇ ನಿಂತು…"

ಕುರಿಯ ಬೆನ್ನಿಗೆ ಮುಖ ಒತ್ತಿ ಅತ್ತಳು.

ಲಕ್ಕೂರಿಗೆ ಒಯ್ಯಲು ಜಾಗವಿಲ್ಲ. ಭಾರತಮ್ಮನಿಗೆ ಎದ್ದು ಓಡಾಡಲು ಆಗುವುದಿಲ್ಲ. ಊರಿನಲ್ಲಿ ಪಾಲಿಗೆ ಮೇಯಿಸುವವರು ಈಗ ಯಾರಿದ್ದಾರೆ? ಆಂಜಿಯ ಹೆಸರು ಒಬ್ಬರು ಎತ್ತಿದರು, ನಾನು ತಿರುಗಿ ನೋಡಿದೆ, ಸುಮ್ಮನಾದರು. ಮಾರುವುದೆಂದಾಯಿತು.

ತಿಥಿ ಮುಗಿದ ಮರುದಿನ ಅವಳು ಹೊರಡಬೇಕಿತ್ತು, ಹೊರಡಲಿಲ್ಲ. ಬೆಳಗ್ಗೆಯೇ ನಾಲ್ಕನ್ನೂ ಅಟ್ಟಿಕೊಂಡು ಹೋದಳು. ಕೆರೆಯನ್ನು ದಾಟಿ, ತಂತಿ ಬೇಲಿಯನ್ನು ಬಳಸಿ, ಆಂಧ್ರದ ಗಡಿಯ ಕಡೆ ಎಲ್ಲೋ ಒಂದು ಹಳ್ಳದಲ್ಲಿ ಹುಲ್ಲಿದೆ ಎಂದು ಅವಳಿಗೆ ಗೊತ್ತಿತ್ತಂತೆ. ಸಂಜೆ ಬಂದಾಗ ಕುರಿಗಳ ಹೊಟ್ಟೆ ದುಂಡಗಾಗಿತ್ತು. ಕೈಕಾಲು ತೊಳೆದು ಬಸ್ಸು ಹತ್ತಿದಳು.

ಸಂತೆಯ ದಿನ ನಾನು ನಾಲ್ಕನ್ನೂ ಮಾರಿ, ಅಲ್ಲಿಂದಲೇ ಚಂದನಳ ಫೋನಿಗೆ ದುಡ್ಡು ಹಾಕಿದೆ. ಮುನಿಯಲ್ಲಮ್ಮ ಮಾತಿಗೆ ಬಂದಳು.

"ಬಂತೇನಮ್ಮ?"

"ಬಂತಣ್ಣ." ಆಮೇಲೆ ಕೇಳಿದಳು. "ಸಾಕೋರಿಗೆ ಕೊಟ್ಟಾ, ಕಡಿಯೋರಿಗೆ ಕೊಟ್ಟಾ?"

"ಸಾಕೋರಿಗೇ" ಎಂದೆ. ಅವುಗಳಲ್ಲಿ ಒಂದು ಸಾಕುವವರ ಮನೆಗೆ ಹೋದದ್ದು ನಿಜ. ಉಳಿದ ಮೂರನ್ನು ಲಾರಿಗೆ ಹತ್ತಿಸುತ್ತಿದ್ದರು.